ಮದುವೆ ಕುದುರೆ ಮತ್ತು ಚಾಮರಾಜನಗರದ ಬಸ್ಸು

ದಿನಕ್ಕೆ ನಾನೂರು ಐನೂರು ಜನರನ್ನು ಬಸ್ಸಿಗೆ ಹತ್ತಿಸಿ ಇಳಿಸುವ ನನಗೆ, ಹೊಟ್ಟೆಯಲ್ಲಿ ಹುಟ್ಟಿದ ಒಂದು ಕೂಸನ್ನು ಹತ್ತಿಸಲು ಬರಲಿಲ್ಲ. ನಾನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಓಡಾಡುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಕುಡಿದು ಬಂದು ತಕರಾರು ತೆಗೆದವರನ್ನು ನಡುದಾರಿಯಲ್ಲಿ ಇಳಿಸಿದ್ದೇನೆ. ಮೂರು ಜನರ ಸೀಟಿನಲ್ಲಿ ಐದು ಜನರನ್ನು ಕೂರಿಸಿ ಅವರೊಳಗೇ ನೆಂಟಸ್ತಿಕೆ ಹುಡುಕಿಕೊಟ್ಟಿದ್ದೇನೆ. ನನ್ನ ಬಾಯಿಗೆ ಹೆದರದವರು ಈ ಮಾರ್ಗದಲ್ಲಿ ಯಾರೂ ಇಲ್ಲ, ನನ್ನ ಮಗಳೊಬ್ಬಳನ್ನು ಬಿಟ್ಟು.

ಅವಳಿಗೆ ಆಗ ಏಳು ವರ್ಷ. ಆಟಿಸಂ ಎಂದು ಮೈಸೂರಿನ ಡಾಕ್ಟರು ಬರೆದುಕೊಟ್ಟಿದ್ದರು. ಮಾತಾಡುವುದಿಲ್ಲ. ಏನಾದರೂ ಬೇಕಾದರೆ ಹತ್ತಿರ ಇದ್ದವರ ಕೈ ಹಿಡಿದು ಎಳೆದುಕೊಂಡು ಹೋಗಿ ಅದರ ಮೇಲೆ ಇಡುತ್ತಾಳೆ. ನೀರು ಬೇಕಾದರೆ ನನ್ನ ಕೈ ಬಿಂದಿಗೆಯ ಮೇಲೆ, ಹೊರಗೆ ಹೋಗಬೇಕಾದರೆ ಅಜ್ಜಿಯ ಕೈ ಚಿಲಕದ ಮೇಲೆ. ಚಾಮರಾಜನಗರದಲ್ಲಿ ಇಂಥ ಮಕ್ಕಳಿಗೆಂದೇ ಒಂದು ಸಣ್ಣ ಶಾಲೆ ಇದೆ. ಅಲ್ಲಿಯ ಮೇಡಂ ನೇರವಾಗಿ ಹೇಳಿದ್ದರು: "ಜೂನ್‌ನಲ್ಲಿ ಒಂದು ಜಾಗ ಖಾಲಿಯಾಗುತ್ತೆ. ದಿನಾ ಕರ್ಕೊಂಡು ಬರೋಕೆ ಆಗೋದಾದ್ರೆ ನಿಮ್ಮ ಮಗಳಿಗೇ. ಆಗದಿದ್ರೆ ಹೇಳಿಬಿಡಿ, ಕಾಯ್ತಾ ಇರೋರು ಬಹಳ ಜನ ಇದಾರೆ." ನಮ್ಮ ಮನೆ ಇರುವುದು ಗುಂಡ್ಲುಪೇಟೆಯಲ್ಲಿ. ಗಂಡ ಈರುಳ್ಳಿ ಲೋಡು ಕೇರಳಕ್ಕೆ ಹೊಡೆಯುವ ಲಾರಿ ಡ್ರೈವರ್, ವಾರದಲ್ಲಿ ಎರಡು ದಿನ ಮನೆಯಲ್ಲಿ ಸಿಕ್ಕರೆ ಪುಣ್ಯ. ದಿನಾ ಹೋಗಿಬರಲು ಬಸ್ಸೊಂದೇ ದಾರಿ. ಮಗಳಿಗೆ ಬಸ್ಸು ಆಗುವುದಿಲ್ಲ.

ಆಗುವುದಿಲ್ಲ ಎಂದರೆ ಎಷ್ಟು ಆಗುವುದಿಲ್ಲ ಎಂದು ನೋಡಲು ಫೆಬ್ರವರಿಯಲ್ಲಿ ಒಂದು ರಜೆ ದಿನ ಅವಳನ್ನೂ ಅತ್ತೆಯನ್ನೂ ಕರೆದುಕೊಂಡು ಪ್ರಯಾಣಿಕಳಾಗಿ ಹತ್ತಿದೆ. ಇಂಜಿನ್ ಶುರುವಾದದ್ದೇ ತಡ, ಕಿವಿ ಮುಚ್ಚಿಕೊಂಡು ಕಿರುಚಿದಳು. ಹಿಂದೆ ನಿಂತಿದ್ದ ಬಸ್ಸು ಹಾರನ್ ಹೊಡೆದಾಗ ನನ್ನ ಕೈ ಕಚ್ಚಿದಳು. ಬಸ್ಸಿನ ತುಂಬ ವೈದ್ಯರು ಎದ್ದು ನಿಂತರು.

"ದೃಷ್ಟಿ ತಾಕದೆ ಕಣವ್ವ, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಆಕು."

"ಮೊಬೈಲ್ ಕೊಟ್ಟು ಕೊಟ್ಟು ಇಂಗ್ ಆಗೋದು. ನಾನೇ ಯೂಟ್ಯೂಬಲ್ಲಿ ನೋಡಿವ್ನಿ."

"ಎರಡು ಏಟು ಬುಟ್ರೆ ಸರ್ಯಾಯ್ತದೆ ಬುಡಿ."

ಕೊನೆಯ ಮಾತು ಹೇಳಿದವನ ಮುಖ ನೋಡಿಟ್ಟುಕೊಂಡಿದ್ದೇನೆ. ಅವನು ಈಗಲೂ ತೆರಕಣಾಂಬಿಯಲ್ಲಿ ಹತ್ತುತ್ತಾನೆ, ಚಿಲ್ಲರೆ ಅವನಿಗೆ ಎಂದೂ ಬೇಗ ಸಿಗುವುದಿಲ್ಲ. ನಿಲ್ದಾಣದ ಗೇಟು ದಾಟುವ ಮೊದಲೇ ನಾವು ಇಳಿದುಬಿಟ್ಟೆವು. ಅತ್ತೆ ದಾರಿಯುದ್ದಕ್ಕೂ ಮೆಣಸಿನಕಾಯಿ ವಿಚಾರವನ್ನೇ ಮಾತಾಡಿದರು. ಮನೆಗೆ ಬಂದು ನಾನು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ.

ಕುದುರೆಯ ಸುದ್ದಿ ಬಂದದ್ದು ಅದಾದ ಮೇಲೆ. ಊರಾಚೆಯ ಒಂದು ತೆಂಗಿನ ತೋಟದಲ್ಲಿ, ಅರಿಶಿನದ ಮಂಡಿ ಇಟ್ಟಿದ್ದ ಒಬ್ಬರು ಟ್ರಸ್ಟು ಮಾಡಿ, ಇಂಥ ಮಕ್ಕಳನ್ನು ಪ್ರತಿ ಶನಿವಾರ ಕುದುರೆ ಮೇಲೆ ಕೂರಿಸುತ್ತಾರಂತೆ ಎಂದು ಆಶಾ ಕಾರ್ಯಕರ್ತೆ ಬಂದು ಹೇಳಿದಳು. ಕುದುರೆ ನಡೆಯುವ ಲಯಕ್ಕೆ ಮಕ್ಕಳ ಮೈ ಹದಕ್ಕೆ ಬರುತ್ತದಂತೆ, ಅಲುಗಾಡುವುದರ ಮೇಲೆ ಕೂರುವ ಭಯ ಹೋಗುತ್ತದಂತೆ. ನನ್ನ ತಲೆಗೆ ಹೊಕ್ಕಿದ್ದು ಅದೊಂದೇ ಮಾತು. ಅಲುಗಾಡುವ ಕುದುರೆಯ ಮೇಲೆ ಕೂತವಳು ಅಲುಗಾಡುವ ಬಸ್ಸಿನಲ್ಲಿ ಕೂರುವುದಿಲ್ಲವೇ? ಗಂಡನಿಗೆ ಫೋನು ಮಾಡಿದೆ. ಅವರು ಸುಲ್ತಾನ್ ಬತ್ತೇರಿಯಲ್ಲಿ ಊಟಕ್ಕೆ ಲಾರಿ ನಿಲ್ಲಿಸಿದ್ದರು. "ಇಲ್ಲಿ ಆನೇನೇ ಅದೆ, ಕೇಳ್ಲಾ?" ಅಂದರು. ಫೋನು ಇಟ್ಟೆ.

ಅಲ್ಲಿದ್ದದ್ದು ಒಂದೇ ಕುದುರೆ. ಬಿಳಿಯ ಹೆಣ್ಣು ಕುದುರೆ, ವಯಸ್ಸಾದದ್ದು, ಊರಿಗೆಲ್ಲ ಗೊತ್ತಿದ್ದದ್ದು. ಗುಂಡ್ಲುಪೇಟೆಯ ಅರ್ಧ ಗಂಡಸರು ಅದರ ಮೇಲೆ ಕೂತೇ ಕಲ್ಯಾಣ ಮಂಟಪಕ್ಕೆ ಹೋದವರು, ನನ್ನ ಗಂಡನೂ ಸೇರಿ. ಅದರ ಯಜಮಾನ ಚಂದಕವಾಡಿ ಕಡೆಯ ಮುದುಕ. ಮದುವೆ ಕಾಲದಲ್ಲಿ ಕುದುರೆಯ ಜೊತೆ ಮಂಟಪದ ಹಿಂದಿನ ಶೆಡ್ಡಿನಲ್ಲೇ ಬಿಡಾರ. ಶನಿವಾರ ಮದುವೆ ಕಡಿಮೆಯಾದ್ದರಿಂದ ಟ್ರಸ್ಟಿಗೆ ಒಪ್ಪಿಕೊಂಡಿದ್ದ. ಮೈಸೂರಿನಿಂದ ಬರುತ್ತಿದ್ದ ಥೆರಪಿ ಮೇಡಂ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಮೊದಲ ದಿನ ಹನ್ನೆರಡು ಪುಟದ ಫಾರಂ ಕೊಟ್ಟು, "ನಿಮ್ಮ ಮಗುವಿನ ಗುರಿಗಳೇನು?" ಎಂಬ ಜಾಗ ತೋರಿಸಿದರು. ನಾನು "ಚಾಮರಾಜನಗರ" ಎಂದು ಬರೆದೆ.

ಮೊದಲ ಮೂರು ಶನಿವಾರ ಮಗಳು ಹತ್ತಿರವೇ ಹೋಗಲಿಲ್ಲ. ತೆಂಗಿನ ಮರಕ್ಕೆ ಬೆನ್ನು ಕೊಟ್ಟು ಕುದುರೆಯ ಬಾಲ ಆಡುವುದನ್ನೇ ನೋಡುತ್ತಿದ್ದಳು. ನನಗೋ ಮೈಯೆಲ್ಲ ಉರಿ. ಡ್ಯೂಟಿ ಬದಲಿಸಿಕೊಂಡು, ಬೇರೆಯವರ ಕೈಕಾಲು ಹಿಡಿದು ಬಂದಿರುವುದು ಬಾಲ ನೋಡುವುದಕ್ಕಾ? ಅತ್ತೆಗೆ ಮಾತ್ರ ತೋಟ ಹಿಡಿಸಿತ್ತು. ಅವರು ಮುದುಕನ ಹಿಂದೆ ಬಿದ್ದು ಹಳೆಯ ಲಾಳ ಕೇಳುತ್ತಿದ್ದರು, ಬಾಗಿಲಿಗೆ ಹೊಡೆಯಲು. ಅವರೊಬ್ಬರೇ ಅಲ್ಲ, ಮಕ್ಕಳನ್ನು ಕರೆತಂದ ಅಜ್ಜಿಯರೆಲ್ಲ ಲಾಳದ ಸರದಿಯಲ್ಲಿದ್ದರು. "ನಾಕು ಕಾಲಿಗೆ ನಾಕೇ ಲಾಳ ಕಣವ್ವ ಇರೋದು. ನೀವು ಹದಿನಾಕು ಜನ ಇದ್ದೀರಿ. ಕುದುರೇನ ಬರಿಗಾಲಲ್ಲಿ ನಡಿಸ್ಲಾ?" ಎಂದು ಮುದುಕ ಬೈದ.

ನಾಲ್ಕನೇ ವಾರ ಮಗಳು ತಾನೇ ಹೋಗಿ ಮುದುಕನ ಕೈ ಹಿಡಿದು ಕುದುರೆಯ ಬೆನ್ನಿನ ಮೇಲೆ ಇಟ್ಟಳು. ಎತ್ತಿ ಕೂರಿಸಿದರು. ಕೂತವಳು ಅರ್ಧ ಸುತ್ತು ತಿರುಗಿ, ಬಾಲದ ಕಡೆ ಮುಖ ಮಾಡಿ, ಕುದುರೆಯ ಹಿಂಭಾಗದ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟಳು. ಥೆರಪಿ ಮೇಡಂ ಸಂತೋಷದಿಂದ, "ಹೀಗೂ ಕೂರಬಹುದು, ಬಹಳ ಒಳ್ಳೇದು" ಎಂದು ಬರೆದುಕೊಂಡರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. "ತಪ್ಪು ಮಾಡ್ದೋರ್ನ ಕತ್ತೆ ಮೇಲೆ ಇಂಗೇ ಅಲ್ವ ಕೂರ್ಸಿ ಮೆರವಣಿಗೆ ಮಾಡೋದು! ಯಾರಾದ್ರೂ ನೋಡ್ಬುಟ್ರೆ?" ನೋಡಲಿ ಎಂದೆ. ತೋಟವನ್ನು ಎರಡು ಸುತ್ತು ಹಾಕಿದ ಕುದುರೆಯ ಮೇಲೆ ಮಗಳು ಒಂದು ಸಲವೂ ಕಿರುಚಲಿಲ್ಲ. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನಾನು ನಿದ್ದೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಸಂತೋಷಕ್ಕೆ ಏನು ಮಾಡಬೇಕೋ ತಿಳಿಯದೆ ಅತ್ತೆಗೆ ಎಳನೀರು ಕೊಡಿಸಿದೆ.

ಹೀಗೆ ಎರಡು ತಿಂಗಳು ನಡೆಯಿತು. ಆಮೇಲೆ ಉದ್ಘಾಟನೆ ಬಂತು.

ನಡೆಯುತ್ತಿದ್ದದ್ದಕ್ಕೆ ಉದ್ಘಾಟನೆ ಯಾಕೆ ಎಂದು ಕೇಳಬಾರದು. ಅತಿಥಿಗಳ ದಿನಾಂಕ ಸಿಕ್ಕಿರಲಿಲ್ಲ, ಈಗ ಸಿಕ್ಕಿತು, ಅಷ್ಟೆ. ಮೇ ತಿಂಗಳ ಕೊನೆಯ ಭಾನುವಾರ ಶಾಮಿಯಾನ ಎದ್ದಿತು. ಶಬ್ದ ಕೇಳಿದರೆ ನಡುಗುವ ಮಕ್ಕಳ ಕಾರ್ಯಕ್ರಮಕ್ಕೆ ನಾಲ್ಕು ಕಡೆ ಧ್ವನಿವರ್ಧಕ. ಫ್ಲೆಕ್ಸಿನಲ್ಲಿ ಟ್ರಸ್ಟಿನ ಅಧ್ಯಕ್ಷರಾದ ಆ ಅರಿಶಿನದ ಮಂಡಿಯವರ ಮುಖ ದೊಡ್ಡದು, ಅವರ ಅಳಿಯನ ಮುಖ ಅದಕ್ಕಿಂತ ಸ್ವಲ್ಪ ಸಣ್ಣದು, ಮಕ್ಕಳ ಮುಖಗಳು ಕೆಳಗೆ ಹೆಸರುಕಾಳಿನಷ್ಟು. ಕುದುರೆಯ ಚಿತ್ರವೂ ಇತ್ತು, ಆದರೆ ನಮ್ಮದರದ್ದಲ್ಲ. ಯಾವುದೋ ದೇಶದ ಕಂದು ಬಣ್ಣದ ರೇಸು ಕುದುರೆ. ನಮ್ಮದು ಫೋಟೊದಲ್ಲಿ ಲಕ್ಷಣವಾಗಿ ಬರುವುದಿಲ್ಲವಂತೆ.

ಹತ್ತು ಗಂಟೆಗೆ ಎಂದದ್ದು ಹನ್ನೆರಡಾಯಿತು. ಸ್ವಾಗತ ಭಾಷಣ ಮಾಡಿದವರು ಬಾರದೇ ಇದ್ದವರನ್ನೂ ಸೇರಿಸಿ ಒಬ್ಬರನ್ನೂ ಬಿಡಲಿಲ್ಲ. ಮಕ್ಕಳಲ್ಲಿ ಒಬ್ಬ ಆಗಲೇ ಅಂಗಿ ಬಿಚ್ಚಿ ಎಸೆದಿದ್ದ. ಮಗಳು ನನ್ನ ಸೀರೆಯ ನೆರಿಗೆಯೊಳಗೆ ತಲೆ ತೂರಿಸಿ ನಿಂತಿದ್ದಳು. ಅಧ್ಯಕ್ಷರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದೆಸಿ, ಗಂಧದ ಹಾರ ಹಾಕಿದರು. ಆಗ ಫೋಟೊದವನು, "ಸಾರ್, ಕುದುರೆ ಮೇಲೆ ಒಂದು" ಅಂದ. ನಾಲ್ಕು ಜನ ಹಿಡಿದು, ಐದನೆಯವನು ಹಿಂದಿನಿಂದ ಒತ್ತಿ, ಅಧ್ಯಕ್ಷರನ್ನು ಹತ್ತಿಸಿದರು. ಆ ಗಳಿಗೆಗೆ ಇರಲಿ ಎಂದು ಯಾರೋ ಪುಣ್ಯಾತ್ಮರು ಕರೆಸಿದ್ದ ಬ್ಯಾಂಡ್‌ಸೆಟ್‌ನವರು ಡೋಲು ಬಾರಿಸಿಯೇಬಿಟ್ಟರು.

ಪೇಟ ಸುತ್ತಿ ಹಾರ ಹಾಕಿದ ಗಂಡಸು ಬೆನ್ನ ಮೇಲೆ, ಮುಂದೆ ಬ್ಯಾಂಡು. ಆ ಕುದುರೆಗೆ ಹದಿನೈದು ವರ್ಷದಿಂದ ಇದಕ್ಕೆ ಒಂದೇ ಅರ್ಥ. ಅದು ಕತ್ತೆತ್ತಿ, ಮುಂಗಾಲು ಎತ್ತೆತ್ತಿ ಹಾಕಿ ಕುಣಿಯಿತು. ನಾಲ್ಕು ಹೆಜ್ಜೆ ಕುಣಿದು ಎರಡು ಹೆಜ್ಜೆ ನಡೆದು ಗೇಟು ದಾಟಿತು. ಮುದುಕ ಹಗ್ಗ ಹಿಡಿದು ಎಳೆದಷ್ಟೂ ಅದು ಇನ್ನೂ ಗತ್ತಿನಿಂದ ಕುಣಿಯಿತು. ಬ್ಯಾಂಡಿನವರು ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಬಾರಿಸುತ್ತಲೇ ಹಿಂಬಾಲಿಸಿದರು. "ನಿಲ್ಸ್ರೋ! ನಿಲ್ಸ್ರೋ!" ಎಂದು ಅಧ್ಯಕ್ಷರು ಕೂಗಿದ್ದು ಡೋಲಿನಲ್ಲಿ ಮುಚ್ಚಿಹೋಯಿತು. ಹೆದ್ದಾರಿಯಲ್ಲಿ ಕೇರಳದ ಲಾರಿಗಳು ಸಾಲುಗಟ್ಟಿ ನಿಂತವು. ಒಬ್ಬ ಡ್ರೈವರ್ ಕಿಟಕಿಯಿಂದ ಕೈಯಾಡಿಸಿ ಮಲಯಾಳದಲ್ಲಿ ಶುಭ ಹಾರೈಸಿದ.

ಕುದುರೆ ನೇರ ಕಲ್ಯಾಣ ಮಂಟಪಕ್ಕೆ ಹೋಗಿ ಗೇಟಿನ ಮುಂದೆ ನಿಂತಿತು. ಒಳಗೆ ಅವತ್ತು ಮದುವೆ. ಹೆಣ್ಣಿನ ಕಡೆಯವರು ಗಂಡಿನ ದಿಬ್ಬಣಕ್ಕೆ ಕಾದು ಕಾದು ಸಾಕಾಗಿದ್ದವರು, ಬ್ಯಾಂಡು ಕೇಳಿ ಆರತಿ ತಟ್ಟೆ ಹಿಡಿದು ಓಡಿಬಂದರು. ಅರವತ್ತು ದಾಟಿದ ಅಧ್ಯಕ್ಷರನ್ನು ನೋಡಿ ಮುಂದಿದ್ದ ಮುದುಕಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಪೋಟೋದಲ್ಲಿ ಇಂಗಿರ್ನಿಲ್ವಲ್ಲ ಕಣಮ್ಮಿ!"

ಮುದುಕ ಕೈಮುಗಿದ. "ಅವ್ರಲ್ಲ ಕಣವ್ವ ಗಂಡು. ಆದ್ರೂ ಒಂದು ಆರ್ತಿ ಎತ್ಬುಡಿ. ಎತ್ತೋ ಗಂಟ ಇದು ಕದಲಾಕಿಲ್ಲ. ರೂಢಿ ಅದಕ್ಕೆ."

ಎತ್ತಿದರು. ಅಧ್ಯಕ್ಷರು ಏನೂ ತೋಚದೆ ಜೇಬಿಗೆ ಕೈ ಹಾಕಿ ತಟ್ಟೆಗೆ ದಕ್ಷಿಣೆಯನ್ನೂ ಹಾಕಿದರು. ಕುದುರೆ ಸಮಾಧಾನದಿಂದ ತಿರುಗಿತು. ಮಾರನೆಯ ದಿನದ ಪೇಪರಿನಲ್ಲಿ ಬಂದದ್ದು: ಕುದುರೆ ಸವಾರಿ ಮೂಲಕ ಆಟಿಸಂ ಜಾಗೃತಿ ಮೂಡಿಸಿದ ಅಧ್ಯಕ್ಷರು.

ಇದನ್ನೆಲ್ಲ ಇಷ್ಟು ಚೆನ್ನಾಗಿ ಹೇಗೆ ಹೇಳುತ್ತಿದ್ದೇನೆ ಎಂದರೆ, ನಾನೂ ಜನರ ಜೊತೆ ಓಡಿಹೋಗಿ ಮಂಟಪದವರೆಗೂ ನೋಡಿದವಳು. ಹೊಟ್ಟೆ ಹಿಡಿದುಕೊಂಡು ನಕ್ಕವಳು. ನಗು ಅರ್ಧ ಆಗಿರುವಾಗ ಸೀರೆಯ ನೆರಿಗೆ ಖಾಲಿ ಇದ್ದದ್ದು ಗೊತ್ತಾಯಿತು.

ತೋಟಕ್ಕೆ ಹೇಗೆ ವಾಪಸ್ಸು ಓಡಿದೆನೋ ನೆನಪಿಲ್ಲ. ಅತ್ತೆ ಊಟದ ಸಾಲಿನಲ್ಲಿದ್ದರು, ಮಗಳು ನನ್ನ ಹತ್ತಿರ ಇದ್ದಾಳೆ ಎಂದುಕೊಂಡು. ಧ್ವನಿವರ್ಧಕದಲ್ಲಿ ಇನ್ನೂ ಯಾರೋ ಹಾಡುತ್ತಿದ್ದರು. ವೇದಿಕೆಯ ಮೇಜಿಗೆ ಹೊದಿಸಿದ್ದ ಬಟ್ಟೆ ಎತ್ತಿ ನೋಡಿದರೆ ಅದರ ಕೆಳಗೆ ಮುದುಡಿಕೊಂಡಿದ್ದಳು. ಎರಡೂ ಕಿವಿಗೆ ಅಂಗೈ ಒತ್ತಿ, ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು, ಕಣ್ಣು ಎಲ್ಲೋ. ಊರಿಗೆಲ್ಲ ಬುದ್ಧಿ ಹೇಳುವ ನಾನು ಮಗುವನ್ನು ಧ್ವನಿವರ್ಧಕಗಳ ನಡುವೆ ಬಿಟ್ಟು ತಮಾಷೆ ನೋಡಲು ಹೋಗಿದ್ದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ. ನಾನೂ ಮೇಜಿನ ಕೆಳಗೆ ತೂರಿಕೊಂಡು ಕೂತೆ. ಮುಟ್ಟಲು ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಮುದುಕ ಕುದುರೆ ನಡೆಸಿಕೊಂಡು ಬಂದ. ಕುದುರೆಯ ಕತ್ತೆಲ್ಲ ಬೆವರು, ಕಿವಿಗಳು ಹಿಂದಕ್ಕೆ ಅಂಟಿಕೊಂಡಿದ್ದವು, ಚರ್ಮ ಅದುರುತ್ತಿತ್ತು. ನಮಗೆ ಕುಣಿತವಾಗಿ ಕಂಡದ್ದು ಅದಕ್ಕೆ ಏನಾಗಿತ್ತೋ. ಅವನು ಸೊಂಟದ ಚೀಲದಿಂದ ಹತ್ತಿ ತೆಗೆದು, ಉಂಡೆ ಮಾಡಿ, ಅದರ ಎರಡೂ ಕಿವಿಗೆ ತುರುಕಿದ. ಕುದುರೆ ನಿಧಾನಕ್ಕೆ ತಲೆ ತಗ್ಗಿಸಿತು. ಮೇಜಿನ ಕೆಳಗೆ ನನ್ನನ್ನು ಕಂಡು, ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ.

"ಪಟಾಕಿ, ಬ್ಯಾಂಡು ಅಂದ್ರೆ ಇದಕ್ಕೂ ಜೀವ ಓಯ್ತದೆ ಕಣವ್ವ. ಮದ್ವೆ ದಿನ ನಾನು ಅತ್ತಿ ಮಡಗ್ದೆ ಒರಡ್ಸಾಕಿಲ್ಲ. ಇವತ್ತು ಅದೇನೋ ಮಕ್ಕಳ ಕಾರ್ಯಕ್ರಮ, ಅತ್ತಿ ಕಂಡ್ರೆ ಚೆಂದಾಗಿರಾಕಿಲ್ಲ ಅಂತ ತೆಗಿಸ್ಬುಟ್ರು."

ಮಗಳು ಅವನ ಮಾತು ಕೇಳಿದಳೋ ಇಲ್ಲವೋ, ಅವನ ಕೈಯನ್ನು ನೋಡುತ್ತಿದ್ದಳು. ಆಮೇಲೆ ಮೇಜಿನ ಕೆಳಗಿನಿಂದ ಹೊರಗೆ ಬಂದು, ಹತ್ತಿ ಉಳಿದಿದ್ದ ಆ ಕೈಯನ್ನು ಹಿಡಿದು ತನ್ನ ಕಿವಿಯ ಮೇಲೆ ಇಟ್ಟುಕೊಂಡಳು.

ಮುದುಕ ನನ್ನ ಮುಖ ನೋಡಿದ. ಇಡಿ ಎಂದೆ. ಎರಡು ಸಣ್ಣ ಉಂಡೆ ಮಾಡಿ ಮೆಲ್ಲಗೆ ಇಟ್ಟ. ಏಳು ವರ್ಷದಿಂದ ಕಿವಿಯವರೆಗೆ ಏರಿ ನಿಂತಿದ್ದ ಅವಳ ಹೆಗಲು ಕೆಳಗಿಳಿಯಿತು. ಮೆಣಸಿನಕಾಯಿ ಸುಟ್ಟದ್ದಾಗಿತ್ತು, ತಾಯಿತ ಕಟ್ಟಿದ್ದಾಗಿತ್ತು, ಮೂರು ದೇವರಿಗೆ ಹರಕೆ ಹೊತ್ತದ್ದಾಗಿತ್ತು, ಹನ್ನೆರಡು ಪುಟದ ಫಾರಂ ತುಂಬಿದ್ದೂ ಆಗಿತ್ತು. ಕಿವಿ ಮುಚ್ಚಿಕೊಂಡು ಅವಳು ದಿನಾ ತೋರಿಸುತ್ತಿದ್ದದ್ದನ್ನು ಮಾತ್ರ ನಾನು ನೋಡಿರಲಿಲ್ಲ. ಬಂದ ಕೋಪಕ್ಕೆ ಸೀದಾ ಹೋಗಿ ಧ್ವನಿವರ್ಧಕದ ವೈರು ಕಿತ್ತೆ. ಯಾರೋ ಕರೆಂಟು ಹೋಯಿತು ಅಂದರು.

ಆ ವಾರವೇ ಶಿಬಿರ ನಿಂತಿತು. ಸೂಕ್ತ ಕುದುರೆ ಸಿಗುವವರೆಗೆ ಮುಂದೂಡಲಾಗಿದೆ ಎಂದು ಅಧ್ಯಕ್ಷರ ಅಳಿಯ ವಾಟ್ಸಾಪಿನಲ್ಲಿ ಹಾಕಿದ. ಥೆರಪಿ ಮೇಡಂ ಫೋನು ಮಾಡಿ ಬೇಜಾರು ಪಟ್ಟರು. ಮೈಸೂರಿನಲ್ಲಿ ಕಿವಿಗೆ ಹಾಕುವ ಮುಚ್ಚಳದಂಥದ್ದು ಸಿಗುತ್ತದೆ, ಹತ್ತಿಗಿಂತ ಅದು ಒಳ್ಳೆಯದು, ತಂದುಕೊಡುತ್ತೇನೆ ಎಂದರು, ತಂದೂ ಕೊಟ್ಟರು. ಆದರೆ ಅದು ಕೈಗೆ ಬರುವ ಮೊದಲೇ ಶಾಲೆ ಶುರುವಾಗುವ ಸೋಮವಾರ ಬಂದಿತ್ತು. ಅವತ್ತು ಇದ್ದದ್ದು ಹತ್ತಿಯೇ.

ಬೆಳಗಿನ ಮೊದಲ ಟ್ರಿಪ್ಪು ನನ್ನದೇ ಡ್ಯೂಟಿ. ಹಿಂದಿನ ಚಕ್ರದ ಮೇಲಿನ ಸೀಟು ಯಾವತ್ತೂ ಖಾಲಿ, ಕಾಲಿಡಲು ಜಾಗವಿಲ್ಲ, ಎತ್ತಿ ಎತ್ತಿ ಹಾಕುತ್ತದೆ ಎಂದು ಜನ ಕೂರುವುದಿಲ್ಲ. ಕುದುರೆ ಮೇಲೆ ಕೂತವಳಿಗೆ ಎತ್ತಿ ಹಾಕಿದರೇನು ಎಂದು ಅತ್ತೆಯನ್ನೂ ಅವಳನ್ನೂ ಅಲ್ಲೇ ಕೂರಿಸಿದೆ. ಅವಳು ಚಕ್ರದ ಮೇಲಿನ ತಗಡಿನ ಉಬ್ಬಿನ ಆಚೆಗೊಂದು ಈಚೆಗೊಂದು ಕಾಲು ಹಾಕಿ, ಹಿಂದಕ್ಕೆ ತಿರುಗಿ, ಸೀಟಿನ ಒರಗಿಗೆ ಕೆನ್ನೆ ಇಟ್ಟಳು. ಸೀಟಿ ಊದಬೇಕು. ಬಾಯಿಗೆ ಇಟ್ಟುಕೊಂಡೆ, ಊದಲಾಗಲಿಲ್ಲ. ಬಾಗಿಲ ತಗಡಿಗೆ ಕೈಯಲ್ಲಿ ಎರಡು ಸಲ ಮೆಲ್ಲಗೆ ತಟ್ಟಿದೆ.

ಬಸ್ಸು ಹೊರಟಿತು. ಒಂದು ಸಲ ನರಳಿದಳು. ಕಿರುಚಲಿಲ್ಲ. ಮೂವರಿಗೆ ತಪ್ಪು ಊರಿನ ಟಿಕೆಟು ಕೊಟ್ಟು ಬೈಸಿಕೊಂಡೆ. ತೆರಕಣಾಂಬಿಯಲ್ಲಿ ಹತ್ತಿದ ಹೆಂಗಸೊಬ್ಬಳು ಅವಳನ್ನು ಮೇಲೆ ಕೆಳಗೆ ನೋಡಿ, "ಕೂಸ್ಗೆ ಕಿವಿ ಕೇಳಾಕಿಲ್ವಾ?" ಅಂದಳು.

"ಕೇಳ್ತದೆ ಕಣಕ್ಕ. ನಿನಗಿಂತ ನನಗಿಂತ ಜಾಸ್ತಿ ಕೇಳ್ತದೆ. ಒಳಕ್ಕೆ ಓಗು."

ಹರವೆಯ ಹುಡುಗ ನಮ್ಮ ಡ್ರೈವರು. ಹಾರನ್ ಇಲ್ಲದೆ ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಡಿಪೋದಲ್ಲೆಲ್ಲ ಹೇಳುತ್ತಾರೆ. ಖಾಲಿ ರಸ್ತೆಗೂ ಹೊಡೆಯುವವನು. ಅವತ್ತು ಮುಂದೆ ಕಬ್ಬಿನ ಟ್ರ್ಯಾಕ್ಟರು ತೆವಳುತ್ತಿತ್ತು, ಅದರ ಹಿಂದೆಯೇ ತೆವಳಿದ. ಕುರಿ ಮಂದೆ ಅಡ್ಡ ಬಂತು, ನಿಲ್ಲಿಸಿ ತಲೆ ಹೊರಗೆ ಹಾಕಿ, "ಏಯ್, ಅತ್ತಗೋಗ್ಲಾ, ಒತ್ತಾಯ್ತದೆ" ಎಂದು ಕುರಿಯವನನ್ನು ಬೇಡಿಕೊಂಡ. ಇಪ್ಪತ್ತು ನಿಮಿಷ ತಡ. ಜನ ಗೊಣಗಿದರು. "ಆರನ್ ಕೆಟ್ಟದೆ, ಏನ್ ಮಾಡನ?" ಅಂದ.

ಚಾಮರಾಜನಗರ ಬಂತು. ಅತ್ತೆ ಮೊದಲು ಇಳಿದು ಕೈ ಚಾಚಿದರು. ಮಗಳು ಅವರ ಕೈ ಹಿಡಿಯದೆ, ಕಂಬಿ ಹಿಡಿದು ತಾನೇ ಒಂದೊಂದೇ ಮೆಟ್ಟಿಲು ಇಳಿದಳು. ನನಗೆ ಇಳಿಯುವಂತಿರಲಿಲ್ಲ, ವಾಪಸ್ಸು ಟ್ರಿಪ್ಪಿಗೆ ಆಗಲೇ ಹೊತ್ತು ಮೀರಿತ್ತು. ಇಬ್ಬರೂ ಶಾಲೆಯ ರಸ್ತೆಗೆ ತಿರುಗುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಮುಂದೆ ಮಗಳು, ಹಿಂದೆ ಅತ್ತೆ. ಮಗಳು ತಿರುಗಿ ನೋಡಲಿಲ್ಲ. ಖಾಕಿ ಅಂಗಿಯ ತೋಳಲ್ಲಿ ಕಣ್ಣು ಒರೆಸಿಕೊಂಡು ಸೀಟಿ ಊದಿದೆ.

ಬಸ್ಸು ನಿಲ್ದಾಣದ ಗೇಟು ದಾಟಿದ್ದೇ, ಎದುರಿಗೆ ಒಂದು ನಾಯಿಯೂ ಇಲ್ಲದ ರಸ್ತೆಯಲ್ಲಿ, ಡ್ರೈವರು ಕಿವಿ ಕಿತ್ತುಹೋಗುವ ಹಾಗೆ ಹಾರನ್ ಹೊಡೆದ.

"ಕೆಟ್ಟದೆ ಅಂದಲ್ಲಾ?" ಅಂದೆ.

"ಊ ಕಣಕ್ಕ. ತಾನೇ ಸರ್ಯಾಯ್ತು. ನಾಳೆ ಬೆಳಗ್ಗೆ ಮತ್ತೆ ಕೆಡ್ತದೆ" ಅಂದ.